ಭಾವನ ಚಪ್ಪಡಿ ಮೇಲೆ ಗುದ್ದಲಿ ಪೂಜೆ

ಗುದ್ದಲಿಗೆ ರಿಬ್ಬನ್ ಕಟ್ಟುವ ಕೆಲಸ ನನ್ನದಾಗಿತ್ತು. ನಮ್ಮ ವಾರ್ಡಿನಲ್ಲಿ ಯಾವ ಕಾಮಗಾರಿಗೆ ಪೂಜೆಯಿದ್ದರೂ ಪಕ್ಕದ ಮನೆಯ ಮೆಂಬರಮ್ಮ ಹಿಂದಿನ ಸಂಜೆಯೇ ಹೊಸ ಗುದ್ದಲಿ ಹಿಡಿದು ನಮ್ಮ ಅಡುಗೆಮನೆಗೆ ಬಂದುಬಿಡುತ್ತಿದ್ದಳು. ನಾನು ಅದರ ಮರದ ಕಾವಿಗೆ ಅರಿಸಿನ ಬಳಿದು, ಕುಂಕುಮವಿಟ್ಟು, ಕಬ್ಬಿಣ ಸೇರುವ ಕಡೆ ಕೆಂಪು ರಿಬ್ಬನ್ನಿನ ಹೂ ಕಟ್ಟುತ್ತಿದ್ದೆ. ಶ್ರೀರಂಗಪಟ್ಟಣದಲ್ಲಿ ಚಿಕ್ಕವಳಿದ್ದಾಗ ಕಾನ್ವೆಂಟಿನ ಸಿಸ್ಟರುಗಳು ಜಡೆಗೆ ಕಟ್ಟಲು ಕಲಿಸಿದ್ದ ಹೂ ಅದು. ಎರಡು ರೆಕ್ಕೆಯೂ ಸಮ ಇರಬೇಕು, ಎಷ್ಟು ಓಡಾಡಿದರೂ ಬಿಚ್ಚಬಾರದು. ಕಳೆದ ವರ್ಷ ಅಂಥದ್ದೊಂದು ಗುದ್ದಲಿಯ ಕಾವಿನಿಂದಲೇ ಮೆಂಬರಮ್ಮನ ಬಲಗೈ ಮುರಿಯಿತು. ಹೂ ಮಾತ್ರ ಬಿಚ್ಚಲಿಲ್ಲ.

ಮದುವೆಯಾಗಿ ಕೆ.ಆರ್. ಪೇಟೆಗೆ ಬಂದಾಗಿನಿಂದ ಬೀದಿಯಲ್ಲಿ ನನ್ನನ್ನು ಕಾನ್ವೆಂಟಕ್ಕ ಎನ್ನುತ್ತಾರೆ. ನಮ್ಮವರು ದಿನವೂ ಬಸ್ಸಿನಲ್ಲಿ ಪಾಂಡವಪುರದ ಕಚೇರಿಗೆ ಹೋಗಿಬರುವವರು. ಹಗಲೆಲ್ಲ ನಾನು ಮತ್ತು ಪಕ್ಕದ ಮನೆಯ ಸದ್ದುಗಳು. ನಮಗೂ ಅವರಿಗೂ ನಡುವೆ ಇರುವುದು ಒಂದೇ ಗೋಡೆ. ಅಲ್ಲಿ ಅಣ್ಣತಮ್ಮಂದಿರ ಎರಡು ಸಂಸಾರ, ಒಂದೇ ಅಂಗಳ, ಒಬ್ಬ ಅತ್ತೆ. ಅಣ್ಣನಿಗೆ ಗೊಬ್ಬರದ ಅಂಗಡಿ, ಟ್ರಾಕ್ಟರು, ಬೀದಿಯ ಮೇಲೆಲ್ಲ ದನಿ. ತಮ್ಮ ಮೆತ್ತಗಿನವನು. ವಾರ್ಡು ಮಹಿಳೆಯರಿಗೆ ಮೀಸಲಾದಾಗ, ಅಣ್ಣ ತನಗೆಂದು ಇಟ್ಟುಕೊಂಡಿದ್ದ ಸೀಟಿಗೆ ತಮ್ಮನ ಹೆಂಡತಿಯನ್ನು ನಿಲ್ಲಿಸಿ ಗೆಲ್ಲಿಸಿದ. ಅಣ್ಣನ ಸ್ವಂತ ಹೆಂಡತಿಗೆ ಸಕ್ಕರೆ ಕಾಯಿಲೆ, ಓಡಾಡುವಂತಿರಲಿಲ್ಲ. ಹೀಗೆ ನನ್ನ ನೆರೆಯವಳು ಮೆಂಬರಮ್ಮನಾದಳು.

ತೊಡಕೊಂದಿತ್ತು. ನಮ್ಮ ಕಡೆ ತಮ್ಮನ ಹೆಂಡತಿ ಗಂಡನ ಅಣ್ಣನ ಎದುರು ನಿಂತು ಮಾತಾಡುವುದಿಲ್ಲ. ಈಗ ಎಷ್ಟೋ ಮನೆಗಳಲ್ಲಿ ಅದು ಸಡಿಲವಾಗಿದೆ, ಆ ಮನೆಯಲ್ಲಿ ಆಗಿರಲಿಲ್ಲ. ಭಾವ ಜಗಲಿಯ ಮೇಲೆ ಕೂತರೆ ಇವಳು ಹಿತ್ತಲ ಬಾಗಿಲಿಂದ ಓಡಾಡುತ್ತಿದ್ದಳು. ಪುರಸಭೆಯಲ್ಲಿ ಗಂಡಸರ ಮಧ್ಯೆ ಎದ್ದು ನಿಂತು ನೀರಿನ ಪೈಪಿಗಾಗಿ ಜಗಳ ಮಾಡಿ ಬಂದವಳು, ಮನೆಯಲ್ಲಿ ಬಾಗಿಲ ಸಂದಿಗೆ ನಿಂತು ಅತ್ತೆಯ ಮೂಲಕ ವರದಿ ಒಪ್ಪಿಸಬೇಕಿತ್ತು. ಗೋಡೆಯಾಚೆ ನಾನು ಅಕ್ಕಿ ಆರಿಸುತ್ತಾ ಕೇಳುತ್ತಿದ್ದೆ.

"ಅತ್ತೆಮ್ಮ, ನಾಳೆ ನಲ್ಲಿ ರಿಪೇರಿಗೆ ಜನ ಬತ್ತಾರಂತೆ ಅಂತ ಯೋಳಿ."

"ನಲ್ಲಿ ರಿಪೇರಿಗೆ ಜನ ಬತ್ತಾರಂತೆ ಕಣ್ಲಾ."

"ಯಾರ್ನ ಕೇಳಿ ಬತ್ತಾರಂತೆ?"

"ಯಾರ್ನ ಕೇಳಿ ಅಂತಾವ್ನೆ ಕಣಮ್ಮಿ."

ಎಲ್ಲರೂ ಒಂದೇ ಕೋಣೆಯಲ್ಲಿ ಇರುತ್ತಿದ್ದರು.

ಏಟೂ ಇದೇ ದಾರಿಯಲ್ಲಿ ಹೋಗುತ್ತಿತ್ತು. ಭಾವ ತಮ್ಮನ ಹೆಂಡತಿಯನ್ನು ಮುಟ್ಟುವ ಹಾಗಿರಲಿಲ್ಲ. ಸಿಟ್ಟು ಬಂದರೆ ಅಂಗಳದಲ್ಲಿ ತಮ್ಮನ ಕೆನ್ನೆಗೆ ಬಾರಿಸುತ್ತಿದ್ದ. ಮೀಸೆ ನರೆಯುತ್ತಿದ್ದ ಆ ತಮ್ಮ ಒಳಗೆ ಬಂದು ಅದನ್ನು ಹೆಂಡತಿಗೆ ದಾಟಿಸುತ್ತಿದ್ದ. ಅಣ್ಣನ ಏಟು ಹಸೀ ಹಲಗೆ ಬಿದ್ದ ಹಾಗೆ ಕೇಳುತ್ತಿತ್ತು, ತಮ್ಮನದು ಸಣ್ಣಗೆ, ಬಟ್ಟೆ ಒಗೆದ ಹಾಗೆ. ಮರುದಿನ ಅವಳು ಕೊಡ ಹಿಡಿದು ನಲ್ಲಿಯ ಹತ್ತಿರ ನಿಂತಾಗ ಕಿವಿಯ ಓಲೆ ಒಂದು ಕಡೆ ಇರುತ್ತಿರಲಿಲ್ಲ, ಆ ಕಿವಿ ಕೆಂಪಗೆ ಊದಿರುತ್ತಿತ್ತು.

ಒಮ್ಮೆ ಅತ್ತೆ ನಾಗಮಂಗಲದ ಮಗಳ ಮನೆಗೆ ಹೋಗಿ ಕೂತುಬಿಟ್ಟರು. ಮಾತು ದಾಟಿಸುವವರೇ ಇಲ್ಲದಾಯಿತು. ಆಗ ಅವಳು ಫೋನು ಹಿಡಿದು ನನ್ನ ಬಳಿ ಬಂದಳು.

"ಅಕ್ಕ, ವಾರ್ಡ್ ಗ್ರೂಪ್ನಲ್ಲಿ ತಿಂಗ್ಳಿಗೊಂದು ಅಪ್ಡೇಟು ಅಂತ ಬರ್ದಾಕ್ಬುಡಣ. ಜನಕ್ಕೆ ಯೋಳ್ದಂಗೂ ಆಯ್ತದೆ, ಬಾವ್ನೋರ್ಗೆ ಯೋಳ್ದಂಗೂ ಆಯ್ತದೆ. ನಿಮ್ ಕನ್ನಡ ಪೇಪರ್ನಂಗದೆ, ನೀವೇ ಬರೀರಿ."

ಹಾಗೆ ಶುರುವಾಯಿತು. ಯಾವ ಬೀದಿಗೆ ದೀಪ ಬಂತು, ಯಾವ ದಿನ ನೀರು ಬಿಡುತ್ತಾರೆ, ಕಣ್ಣಿನ ಪರೀಕ್ಷೆಯ ಶಿಬಿರ ಎಲ್ಲಿ, ಇಂಥವು. ಸುದ್ದಿ ಒಪ್ಪಿಗೆಯಾದರೆ ಭಾವ ಗ್ರೂಪಿನಲ್ಲಿ ಎರಡು ಕೈ ಮುಗಿದ ಚಿತ್ರ ಹಾಕುತ್ತಿದ್ದ. ಒಪ್ಪಿಗೆಯಾಗದಿದ್ದರೆ ಏನೂ ಹಾಕುತ್ತಿರಲಿಲ್ಲ, ನಾವು ಅಂಗಳದ ಕಡೆ ಕಿವಿಗೊಟ್ಟು ಕಾಯುತ್ತಿದ್ದೆವು.

ಬರೆಯುವಾಗ ನಾನು ಮಾತುಗಳನ್ನು ಇಸ್ತ್ರಿ ಮಾಡುತ್ತಿದ್ದೆ. ಕಿಕ್ಕೇರಿ ಕಡೆಯ ತಂಡಕ್ಕೂ ನಮ್ಮ ಪೇಟೆಯ ತಂಡಕ್ಕೂ ಕಬಡ್ಡಿ ಇಟ್ಟಿದ್ದ ದಿನ, ಹಿಡಿತಕ್ಕೆ ಸಿಕ್ಕವನೊಬ್ಬ ಹಿಡಿದವನ ಕಿವಿ ಕಚ್ಚಿದ. ಪ್ರೇಕ್ಷಕರು ಪ್ಲಾಸ್ಟಿಕ್ ಕುರ್ಚಿಗಳನ್ನು ಎತ್ತಿ ಬೀಸಿದರು. ರೆಫರಿಯ ಬಾಯಿಂದ ಸೀಟಿಯ ಜೊತೆ ಒಂದು ಹಲ್ಲೂ ಬಿತ್ತು. ಬಹುಮಾನದ ಟಗರು ಹಗ್ಗ ಕಿತ್ತುಕೊಂಡು ಜನರ ಮಧ್ಯೆ ನುಗ್ಗಿ ಇನ್ನಿಬ್ಬರನ್ನು ಕೆಡವಿತು. ನಾನು ಬರೆದದ್ದು: ಕಬಡ್ಡಿ ಪಂದ್ಯಾವಳಿ ಅತ್ಯಂತ ಉತ್ಸಾಹದಿಂದ ಜರುಗಿತು. ಮೆಂಬರಮ್ಮ ಅದನ್ನು ಓದಿಸಿಕೊಂಡು ಹೊಟ್ಟೆ ಹಿಡಿದು ನಕ್ಕಳು.

"ಉತ್ಸಾಹನೆ ಬುಡಕ್ಕ. ಕಿವೀನೇ ತಿನ್ನೋವಷ್ಟು ಉತ್ಸಾಹ."

ಚರಂಡಿಯ ವಿಷಯ ಮಾತ್ರ ಇಸ್ತ್ರಿಗೆ ಬಗ್ಗುವಂಥದ್ದಾಗಿರಲಿಲ್ಲ.

ನಮ್ಮ ಬೀದಿ ಮೇಲಿನಿಂದ ಕೆಳಗೆ ಇಳಿಯುತ್ತದೆ. ಮೇಲಿನ ತುದಿಯಲ್ಲಿ ಭಾವನ ಮನೆ, ಅಂಗಡಿ. ಅವನು ಟ್ರಾಕ್ಟರು ನಿಲ್ಲಿಸಿಕೊಳ್ಳಲು ಮನೆ ಮುಂದಿನ ಚರಂಡಿಯ ಮೇಲೆ ಚಪ್ಪಡಿ ಹಾಸಿ, ಅದರ ಮೇಲೆ ಕಾಂಕ್ರೀಟು ಸುರಿದು, ಗಟ್ಟಿ ಕಟ್ಟೆಯನ್ನೇ ಮಾಡಿಕೊಂಡಿದ್ದ. ಒಳಗೆ ಹೂಳು ತುಂಬಿ ಚರಂಡಿ ಸತ್ತುಹೋಯಿತು. ಮೇಲಿನ ಮನೆಗಳ ಕೊಳಚೆಯೆಲ್ಲ ರಸ್ತೆಗೆ ಹೊರಳಿ ಕೆಳಬೀದಿಯ ಮನೆಗಳ ಹೊಸಿಲು ದಾಟುತ್ತಿತ್ತು. ಆ ಮನೆಗಳ ಗೋಡೆಗಳಲ್ಲಿ ಮೊಣಕಾಲೆತ್ತರಕ್ಕೆ ಒಂದು ಕಪ್ಪು ಗೆರೆ. ಸುಣ್ಣ ಬಳಿದರೂ ಎರಡು ದಿನಕ್ಕೆ ಮತ್ತೆ ಮೂಡುತ್ತಿತ್ತು.

ಒಂದು ಬೆಳಗ್ಗೆ ಕೆಳಬೀದಿಯ ಅಜ್ಜಿ, ನಾಟಿಕೋಳಿ ಸಾಕಿ ಮೊಟ್ಟೆ ಮಾರುವ ಒಂಟಿ ಹೆಂಗಸು, ಬಿದಿರಿನ ಮಂಕರಿ ತಲೆಯ ಮೇಲೆ ಹೊತ್ತು ಮೇಲೆ ಬಂತು. ಮೆಂಬರಮ್ಮನ ಬಾಗಿಲಲ್ಲಿ ಅದನ್ನು ಕವುಚಿತು. ರಂಗೋಲಿಯ ಮೇಲೆ ಸತ್ತ ಕೋಳಿಗಳು ಬಿದ್ದವು. ರೆಕ್ಕೆಗಳು ಕಪ್ಪು ಕೆಸರಿಗೆ ಅಂಟಿ, ಕೊಕ್ಕುಗಳು ತೆರೆದು, ಒಂದರ ಕಾಲಿಗೆ ಗುರುತಿಗೆ ಕಟ್ಟಿದ್ದ ಹಸಿರು ದಾರ ಇನ್ನೂ ಇತ್ತು. ರಾತ್ರಿಯ ಮಳೆಗೆ ಮಂಕರಿಯಡಿಯಲ್ಲೇ ಮುಳುಗಿ ಸತ್ತಿದ್ದವು.

"ತಗಳವ್ವ ಮೆಂಬ್ರು. ನಿಮ್ ಬಾವನ್ ಮನೆ ನೀರು ಕುಡ್ದು ಸತ್ತವೆ. ಇದ್ನೂ ಬರ್ಕ ಮೊಬೈಲ್ನಾಗೆ. ಮುಂದಿನ್ಸಲ ನಾನೇ ಸತ್ತೋಯ್ತೀನಿ, ನನ್ನೂ ತಂದು ಇಲ್ಲೇ ಆಕ್ತಾರೆ."

ಮೆಂಬರಮ್ಮ ಸೆರಗು ಸಿಕ್ಕಿಸಿ, ಒಂದೊಂದೇ ಕೋಳಿಯನ್ನು ಕಾಲು ಹಿಡಿದೆತ್ತಿ ಮಂಕರಿಗೆ ತುಂಬಿದಳು. ಆಮೇಲೆ ಗೋಡೆಯ ಈಚೆಗೆ ಬಂದು ನನ್ನ ನೀರಿನ ತೊಟ್ಟಿಯಲ್ಲಿ ಕೈ ತೊಳೆಯುತ್ತಾ ಹೇಳಿದಳು: "ಅಕ್ಕ, ಈ ಚರಂಡಿ ಒಂದು ನೆಟ್ಟಗೆ ಓಗ್ಬೇಕು. ಅದಾಗ್ನಿಲ್ಲ ಅಂದ್ರೆ ನಾನು ಎಂತ ಮೆಂಬ್ರು? ಬಾವ್ನೋರ್ ಕುರ್ಚಿ ಒರ್ಸೋಳು ಅಷ್ಟೆಯ."

ಪುರಸಭೆಗೆ ಅಲೆದು ಅವಳು ಕೆಲಸ ಮಂಜೂರು ಮಾಡಿಸಿದಳು. ಆ ತಿಂಗಳ ಅಪ್ಡೇಟನ್ನು ನನ್ನ ಪಕ್ಕ ಕೂತು ಹೇಳಿ ಬರೆಸಿದಳು: ಚರಂಡಿಯು ಮೇಲಿನ ತುದಿಯಿಂದ ನೇರವಾಗಿ ಸಾಗಲಿದ್ದು, ಅದರ ಮೇಲಿರುವ ಎಲ್ಲ ಕಟ್ಟೆ, ಚಪ್ಪಡಿಗಳನ್ನು ತೆರವುಗೊಳಿಸಲಾಗುವುದು, ಗುದ್ದಲಿ ಪೂಜೆಯು ಮೇಲಿನ ತುದಿಯಲ್ಲೇ ನೆರವೇರಲಿದ್ದು, ಕುಟುಂಬದ ಹಿರಿಯರು ಮೊದಲ ಗುದ್ದಲಿ ಹಾಕಲಿದ್ದಾರೆ. ಕೊನೆಯ ಸಾಲು ಅವಳದೇ. ಭಾವನ ಮರ್ಯಾದೆಗೆ ಕುಂದು ಬರಬಾರದು, ಅವನ ಕೈಯಲ್ಲೇ ಒಡೆಸಿದರೆ ಒಪ್ಪಿದ ಹಾಗೂ ಆಗುತ್ತದೆ ಎಂದು ಅವಳ ಲೆಕ್ಕ. ಕಳಿಸಿ ಇಬ್ಬರೂ ಪರದೆಯನ್ನೇ ನೋಡುತ್ತಾ ಕೂತೆವು. ಹಾಲು ಉಕ್ಕಿ ಒಲೆಗೆ ಬಿತ್ತು. ಅಷ್ಟರಲ್ಲಿ ಬಂತು, ಭಾವನಿಂದ ಎರಡು ಕೈ ಮುಗಿದ ಚಿತ್ರ.

"ಒಪ್ಕಂಡ್ರು ಕಣಕ್ಕ!" ಎಂದು ಅವಳು ನನ್ನ ತೋಳು ಚಿವುಟಿದಳು.

ಅವನು ಒಪ್ಪಿದ್ದು ಕೊನೆಯ ಸಾಲನ್ನು ಮಾತ್ರ. 'ಎಲ್ಲ ಚಪ್ಪಡಿ' ಅಂದರೆ ಬೇರೆಯವರ ಎಲ್ಲ ಚಪ್ಪಡಿ ಎಂದೇ ಅವನು ತಿಳಿದಿದ್ದ. ತನ್ನ ಮನೆಯ ಹೆಂಗಸು ಮೆಂಬರಾಗಿರುವ ವಾರ್ಡಿನಲ್ಲಿ, ತನ್ನ ಮನೆ ಮುಂದೆಯೇ ಶಾಮಿಯಾನ ಹಾಕಿ ತನಗೆ ಗುದ್ದಲಿ ಕೊಡುತ್ತಾರೆಂದರೆ ಅದು ಸನ್ಮಾನವಲ್ಲದೆ ಮತ್ತೇನು? ಒಂದೇ ಅಂಗಳದಲ್ಲಿ ಇದ್ದವರು ಎದುರು ನಿಂತು ಒಂದು ಮಾತು ಕೇಳಿದ್ದರೆ ಸಾಕಿತ್ತು. ಆ ಮನೆಯಲ್ಲಿ ಆ ಒಂದು ಮಾತಿಗೇ ಜಾಗ ಇರಲಿಲ್ಲ.

ಪೂಜೆಯ ಬೆಳಗ್ಗೆ ಜೇಸೀಬಿಯ ಬಕೆಟ್ಟಿಗೆ ಚೆಂಡುಹೂವಿನ ಹಾರ ಹಾಕಿದ್ದರು, ಚಕ್ರಗಳಡಿ ನಿಂಬೆಹಣ್ಣು. ಶಾಮಿಯಾನದಡಿ ಉಪ್ಪಿಟ್ಟು, ಕೇಸರಿಬಾತಿನ ಎಲೆಗಳು. ಎಂಜಿನಿಯರು ಬೆಳಕು ಹರಿಯುತ್ತಲೇ ಬಂದು ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿದ್ದ. ಗೆರೆ ಭಾವನ ಕಾಂಕ್ರೀಟಿನ ಮೇಲೆಯೇ ಬಿಳಿದಾರದ ಹಾಗೆ ಹಾದುಹೋಗಿತ್ತು. ಭಾವ ಹಿಂದಿನ ದಿನ ದೇವಲಾಪುರಕ್ಕೆ ಬೀಗರೂಟಕ್ಕೆ ಹೋಗಿದ್ದವನು ನೇರ ಪೂಜೆಗೇ ಬಂದಿಳಿದ. ಬಿಳಿ ಪಂಚೆ, ಬಿಳಿ ಶರಟು, ಹೆಗಲ ಮೇಲೆ ಜರಿ ಟವಲು. ಎಲ್ಲರಿಗೂ ಕೈ ಮುಗಿದ. ತಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದ, ಅತ್ತೆ ಅವನ ಪಕ್ಕದಲ್ಲಿ.

ಅರ್ಚಕರು ಕಾಯಿ ಒಡೆದು, ಬೂದುಗುಂಬಳ ಚಚ್ಚಿ, ಗುದ್ದಲಿಯನ್ನು ಭಾವನ ಕೈಗಿಟ್ಟು ಅಂದರು: "ಇಲ್ಲಿ ಸ್ವಾಮಿ, ಗೆರೆ ಮೇಲೆ ಹಾಕಿ."

ಭಾವ ಆಗ ಕೆಳಗೆ ನೋಡಿದ. "ಇಲ್ಲೆಲ್ಲದೆ ಮಣ್ಣು? ಇದು ನನ್ ಕಾಂಕ್ರೀಟು. ಏನ್ಲಾ ಎಂಜಿನಿಯರು, ಗೆರೆ ಸೊಟ್ಟಗೆ ಎಳ್ದಿದೀಯ?"

"ಇಲ್ಲ ಸಾರ್... ಮೇಡಮ್ಮೋರು ಹೇಳಿದ ಹಾಗೇ..." ಎಂದು ಎಂಜಿನಿಯರು ಹಿಂದೆ ಸರಿದ.

ಬೀದಿ ಪೂರ್ತಿ ಮೆಂಬರಮ್ಮನ ಕಡೆ ತಿರುಗಿತು. ಅವಳು ಅಭ್ಯಾಸಬಲದಿಂದ ಅತ್ತೆಯ ಕಡೆ ತಿರುಗಿ ಬಾಯಿ ತೆರೆದಳು. ಅತ್ತೆ ಮುಖ ತಿರುಗಿಸಿ ಜೇಸೀಬಿಯ ಹಾರ ನೋಡತೊಡಗಿದರು. ಗಂಡನ ಕಡೆ ನೋಡಿದಳು. ಅವನು ತಟ್ಟೆಯೊಳಗಿನ ಕರ್ಪೂರ ನೋಡುತ್ತಿದ್ದ. ಕೆಳಬೀದಿಯ ಹೆಂಗಸರು ಕೇಸರಿಬಾತು ಕೈಯಲ್ಲೇ ಹಿಡಿದು ನಿಂತಿದ್ದರು. ಆಗ ಅವಳು ಸೆರಗು ಸರಿಮಾಡಿಕೊಂಡು, ಭಾವನ ಮುಖವನ್ನೇ ನೋಡಿ ಮಾತಾಡಿದಳು.

"ಬಾವ, ಗೆರೆ ಸರ್ಯಾಗೇ ಅದೆ. ಚಪ್ಪಡಿ ಒಡೀಬೇಕು. ಮೊದಲ್ನೇ ಏಟು ನೀವೇ ಆಕಿ."

ಮದುವೆಯಾಗಿ ಬಂದ ಮೇಲೆ ಅವನಿಗೆ ನೇರ ಆಡಿದ ಮೊದಲ ಮಾತು ಅದು.

"ಯಾರ್ನಮ್ಮಿ ಬಾವ ಅಂತಿದೀಯ? ಯಾರ್ ಮುಂದೆ ನಿಂತ್ಕಂಡಿದೀಯ?" ಅವನ ದನಿ ಬಹಳ ಸಣ್ಣಗಿತ್ತು. ಗುದ್ದಲಿಯನ್ನು ತಿರುಗಿಸಿ ಕಬ್ಬಿಣದ ಕಡೆ ಹಿಡಿದುಕೊಂಡ. ಅಷ್ಟು ಯೋಚನೆ ಅವನಿಗೆ ಇತ್ತು. ಕಾವು ಮೊದಲು ಅವಳ ಹೆಗಲಿಗೆ ಬಿತ್ತು. ಅವಳು ಬಲಗೈ ಅಡ್ಡ ಹಿಡಿದಳು. ಎರಡನೆಯದಕ್ಕೆ ಒಣ ತೊಗರಿಕಡ್ಡಿ ಲಟ್ಟನೆ ಮುರಿದಂತಾಯಿತು. ಗಾಜಿನ ಬಳೆಗಳು ಒಡೆದು ತೋಳಿನೊಳಕ್ಕೇ ಹೋದವು. ಅವಳು ಕೇಸರಿಬಾತಿನ ಎಲೆಗಳ ಮೇಲೆ ಬಿದ್ದಳು. ಬಿದ್ದ ಮೇಲೂ ಅವನು ನಿಲ್ಲಿಸಲಿಲ್ಲ. ಬೆನ್ನಿಗೆ, ಸೊಂಟಕ್ಕೆ ಒಂದೊಂದು ಏಟಿಗೂ "ಬಾವ ಅಂತೀಯಾ, ಬಾವ ಅಂತೀಯಾ" ಎನ್ನುತ್ತಿದ್ದ. ಮೈಕಿನಲ್ಲಿ ಮಂತ್ರದ ಕ್ಯಾಸೆಟ್ಟು ಓಡುತ್ತಲೇ ಇತ್ತು. ಜೇಸೀಬಿಯ ಡ್ರೈವರು ಇಳಿದು ಚಕ್ರದ ಹಿಂದೆ ಕೂತುಬಿಟ್ಟ.

ನಾನು ಹೇಗೆ ಹೋದೆನೋ ಗೊತ್ತಿಲ್ಲ, ಬೀಸುತ್ತಿದ್ದ ಕಾವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವನು ಜಗ್ಗಿದಾಗ ನನ್ನ ಅಂಗೈಗೆ ಮರದ ಸಿಬಿರು ಹೊಕ್ಕಿತು. ಅಷ್ಟರಲ್ಲಿ ಅರ್ಚಕರು, ಎಂಜಿನಿಯರು, ಅಂಗಡಿಯ ಹಮಾಲಿಗಳು ಅವನನ್ನು ಹಿಂದಕ್ಕೆಳೆದರು. ನನ್ನ ಕೈಯಲ್ಲಿ ಗುದ್ದಲಿ ಉಳಿಯಿತು. ಅರಿಸಿನದ ಮೇಲೆ ಅವಳ ಕೂದಲು ನಾಲ್ಕು ಎಳೆ ಅಂಟಿದ್ದವು. ಸುಣ್ಣದ ಗೆರೆ ಅವಳು ಬಿದ್ದಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು.

ಆಸ್ಪತ್ರೆಯಲ್ಲಿ ತೋಳಿನಿಂದ ಗಾಜು ಆರಿಸಿ, ಮೂಳೆ ಕೂಡಿಸಿ, ಬೆರಳ ಬುಡದವರೆಗೂ ಪ್ಲಾಸ್ಟರ್ ಪಟ್ಟಿ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಅತ್ತೆಯೂ ಗಂಡನೂ ಬಂದು ಮಂಚದ ಕಾಲಬದಿ ನಿಂತರು. ಅತ್ತೆ ಅವಳ ಜೊತೆ ಮಾತಾಡಲಿಲ್ಲ, ನನ್ನ ಕೈ ಹಿಡಿದುಕೊಂಡರು.

"ಕಾನ್ವೆಂಟಕ್ಕ, ಪೂಜೆ ತಾವ ಜಾರ್ಬಿದ್ಲು ಅಂತ ಒಂದು ಬರ್ದಾಕ್ಬುಡವ್ವ ಗ್ರೂಪ್ಗೆ. ಜನ ಒಂದೊಂದ್ ಥರ ಆಡ್ಕತಾವ್ರೆ. ಪೊಲೀಸ್ನೋರೂ ಅದ್ನೇ ಓದ್ಕತಾರೆ. ಮನೆ ಮಾನ ಕಣವ್ವ."

ಗಂಡ ಹೂಂಗುಟ್ಟಿದ. ಅವನ ಎಡಕೆನ್ನೆಯ ಮೇಲೆ ಬೆರಳುಗಳ ಗುರುತಿತ್ತು. ಹೆಂಡತಿಯನ್ನು ಅಂಕೆಯಲ್ಲಿಡಲಿಲ್ಲವೆಂದು ಅವನಿಗೂ ಬಿದ್ದಿತ್ತು.

ಮೆಂಬರಮ್ಮ ಕಣ್ಣು ಬಿಟ್ಟಳು. ತುಟಿ ಊದಿ ಒಂದು ಕಡೆಗೆ ತಿರುಗಿತ್ತು. "ಅಕ್ಕ, ಇವತ್ತು ನೀವು ಬರೀಬೇಡಿ. ಫೋನ್ ಕೊಡಿ" ಎಂದಳು. ಎಡಗೈಯಲ್ಲಿ ಹಿಡಿದು, ಮೈಕಿನ ಗುರುತನ್ನು ಹೆಬ್ಬೆರಳಿನಿಂದ ಒತ್ತಿ, ಬಾಯಿಯ ಹತ್ತಿರ ತಂದುಕೊಂಡಳು.

"ನಮಸ್ಕಾರ. ನಾನು ನಿಮ್ ಮೆಂಬ್ರು ಮಾತಾಡ್ತಿರದು. ಶಾಲೆ ತಾವ ಲೈಟ್ ಆಕ್ಸಿದೀವಿ. ಭಾನುವಾರ ಕಣ್ಣಿನ ಕ್ಯಾಂಪ್ ಅದೆ, ವಯಸ್ಸಾದೋರ್ನ ಕರ್ಕಬನ್ನಿ, ಬರೋವಾಗ ಆಧಾರ್ ಮರೀಬೇಡಿ. ಇನ್ನ ಚರಂಡಿ ಇಚಾರ. ಬಾವ, ಇದು ನಿಮ್ಗೆ. ನಾನು ಜಾರ್ಬಿದ್ದಿಲ್ಲ. ನೀವು ಒಡುದ್ರಿ. ಬೀದಿ ಜನ ನೋಡವ್ರೆ, ಪೊಲೀಸ್ನೋರ್ಗೂ ಅದ್ನೇ ಬರ್ಸ್ತೀನಿ. ಸೋಮವಾರ ಜೇಸೀಬಿ ಬತ್ತದೆ. ಟ್ರಾಕ್ಟ್ರು ತಗ್ದು ಒಳಿಕ್ ನಿಲ್ಸ್ಕಳಿ. ನಮಸ್ಕಾರ."

ಹೆಬ್ಬೆರಳು ತೆಗೆದಳು. ಗಂಡನ ಜೇಬಿನಲ್ಲಿ ಫೋನು ಟಿಂಗ್ ಎಂದಿತು. ಹೊರಗೆ ನಮ್ಮ ಬೀದಿಯವಳೇ ಆದ ಆಯಾ ತನ್ನ ಫೋನಿನಲ್ಲಿ ಅದನ್ನು ಹಾಕಿ ಕೇಳಿದಳು, ಕಾರಿಡಾರಿನಲ್ಲಿ ಮೆಂಬರಮ್ಮನ ದನಿ ಮತ್ತೊಮ್ಮೆ ಕೇಳಿತು: ಬಾವ, ಇದು ನಿಮ್ಗೆ. ಅತ್ತೆ ಕಿವಿ ಮುಚ್ಚಿಕೊಂಡರು.

ಪೊಲೀಸರು ಬಂದು ಹೇಳಿಕೆ ಬರೆದುಕೊಂಡು ಹೋದರು. ಭಾವ ಜಾಮೀನಿನ ಮೇಲೆ ಹೊರಗೆ ಬಂದ. ಭಾನುವಾರ ಸಂಜೆ ನಮ್ಮ ಅಡುಗೆಮನೆಯ ಕಿಟಕಿಗೆ ಕಲ್ಲು ಬಿತ್ತು. ದೋಸೆ ಹಿಟ್ಟಿನ ಪಾತ್ರೆಯೊಳಗೆ ಗಾಜು ಮಿನುಗುತ್ತಿತ್ತು. ಹಿಟ್ಟು ಚೆಲ್ಲುವಾಗ ನಮ್ಮವರು ಹಿಂದೆ ನಿಂತು ಹೇಳಿದರು, "ನಾಳೆ ಬೀದಿ ಬಾಗಿಲು ತೆಗೀಬೇಡ." ನಾನು ಹೂಂ ಎಂದೆ. ಅವರು ಬೆಳಗ್ಗೆ ಬಸ್ಸು ಹತ್ತಿದ ಮೇಲೆ ತೆಗೆದೆ.

ಟ್ರಾಕ್ಟರು ಚಪ್ಪಡಿಯ ಮೇಲೆಯೇ ಇತ್ತು. ಭಾವ ಅದರ ಸೀಟಿನ ಮೇಲೆ ಕೂತಿದ್ದ, ತೊಡೆಯ ಮೇಲೆ ಕಬ್ಬು ಕಡಿಯುವ ಮಚ್ಚು. ಜೇಸೀಬಿ ಬೀದಿಯ ಮಧ್ಯೆ ನಿಂತು ಬುಸುಗುಡುತ್ತಿತ್ತು. ಅದರ ಡ್ರೈವರು ತಲೆ ಹೊರಗೆ ಹಾಕಿ ಕೂಗಿದ: "ಮೇಡಮ್ಮೋರೆ, ನಂಗೂ ಎಂಡ್ರು ಮಕ್ಳು ಅವ್ರೆ. ಮಚ್ಚು ಕೆಳಿಕ್ ಇಕ್ಕುಸ್ದೆ ನಾನು ಬರಾಕಿಲ್ಲ."

ಮೆಂಬರಮ್ಮ ಕೊರಳಿಗೆ ನೇತುಹಾಕಿದ ಕೈಯೊಂದಿಗೆ ನಡೆದು ಹೋಗಿ ಟ್ರಾಕ್ಟರಿನ ದೊಡ್ಡ ಚಕ್ರದ ಮುಂದೆ ನಿಂತಳು. "ಇಳೀರಿ ಬಾವ."

ಅವನು ಟ್ರಾಕ್ಟರು ಸ್ಟಾರ್ಟ್ ಮಾಡಿದ. ಕೊಳವೆಯಿಂದ ಕಪ್ಪು ಹೊಗೆ ಉಗುಳಿ ಗಾಡಿ ಒಂದು ಮೊಳ ಮುಂದಕ್ಕೆ ಹಾರಿತು. ಅವಳ ಸೀರೆಯ ನೆರಿಗೆ ಚಕ್ರದ ಹಲ್ಲಿಗೆ ಸಿಕ್ಕಿತು. ಅವಳು ಹಿಂದಕ್ಕೆ ಜಗ್ಗಿದಳು, ಬಟ್ಟೆ ಬಿಡಲಿಲ್ಲ. ಅವನು ಮತ್ತೆ ಗೇರಿಗೆ ಕೈ ಹಾಕಿದ. ಆಗ ಕೆಳಬೀದಿಯ ಕಡೆಯಿಂದ ಒಂದು ಗುಂಡುಕಲ್ಲು ಬಂದು ಅವನ ಹುಬ್ಬಿಗೆ ಬಡಿಯಿತು. ಖಾರ ಅರೆಯುವ ಗುಂಡು. ಹುಬ್ಬು ಸೀಳಿ ಬಿಳಿ ಶರಟಿನ ಮೇಲೆ ರಕ್ತ ಸುರಿಯಿತು. ಎಂಜಿನ್ ಸತ್ತಿತು. ಅವನು ಸೀಟಿನಿಂದ ಉರುಳಿದ. ಮಚ್ಚು ಕಾಂಕ್ರೀಟಿನ ಮೇಲೆ ಟಣ್ಣೆಂದಿತು.

ಎಸೆದದ್ದು ಅಜ್ಜಿ. ಅದರ ಹಿಂದೆಯೇ ಕೆಳಬೀದಿಯ ಹೆಂಗಸರು ಪೊರಕೆ, ಒನಕೆ, ಸೌದೆ ಸೀಳು ಹಿಡಿದು ಬಂದರು. ನಾನು ದಿನವೂ ನಲ್ಲಿಯ ಬಳಿ ನಗುತ್ತಾ ನೋಡುವ ಮುಖಗಳು, ಗುರುತು ಸಿಗುತ್ತಿರಲಿಲ್ಲ. ಒಬ್ಬಳು ಅವನ ಎದೆಯ ಮೇಲೆ ಮಂಡಿಯೂರಿ ಬಾಯಿಗೆ ಕೆಸರು ತುರುಕುತ್ತಿದ್ದಳು. "ಕುಡೀಲಾ, ನಿನ್ ಮನೆ ನೀರೇ, ಕುಡೀಲಾ!" ಇನ್ನೊಬ್ಬಳು ಪಕ್ಕೆಗೆ ಒದೆಯುತ್ತಿದ್ದಳು, ಅವಳ ಕಾಲ್ಗೆಜ್ಜೆ ಪ್ರತಿ ಒದೆಗೂ ಸದ್ದು ಮಾಡುತ್ತಿತ್ತು.

ಮೆಂಬರಮ್ಮ ನೆರಿಗೆ ಹರಿದುಕೊಂಡು ನುಗ್ಗಿದಳು. ಎಡಗೈಯಿಂದ ಅಜ್ಜಿಯ ರವಿಕೆ ಹಿಡಿದು ಜಗ್ಗಿದಳು. "ಸಾಕು ಬುಡಜ್ಜಿ, ಸತ್ತೋಯ್ತಾರೆ!"

"ಸಾಯ್ಲಿ ಬುಡವ್ವ! ನನ್ ಕೋಳಿ ಸಾಯ್ನಿಲ್ವಾ?"

"ನಾನು ಮೆಂಬ್ರು ಯೋಳ್ತಾವ್ನಿ, ಬುಡ್ರಿ ಅಂದ್ರೆ ಬುಡ್ರಿ!"

ಬಿಟ್ಟರು. ಅವಳ ಹೊಸ ಪಟ್ಟಿಗೆ ಯಾರದೋ ಪೊರಕೆ ತಗುಲಿ ಬಿರುಕು ಬಿಟ್ಟಿತ್ತು. ಭಾವ ಎದ್ದು ಕೂತು ಕೆಸರು ಉಗಿದ. ಒಂದು ಕಣ್ಣು ರಕ್ತಕ್ಕೆ ಮುಚ್ಚಿತ್ತು, ಇನ್ನೊಂದರಿಂದ ಅವಳನ್ನೇ ನೋಡುತ್ತಿದ್ದ. ಅಷ್ಟು ವರ್ಷಗಳಲ್ಲಿ ಅವನು ಅವಳ ಮುಖ ಸರಿಯಾಗಿ ನೋಡಿದ್ದು ಅದೇ ಮೊದಲಿರಬೇಕು.

"ಟ್ರಾಕ್ಟ್ರು ತಗೀಬೇಕು ಬಾವ" ಎಂದಳು, ಏದುಸಿರು ಬಿಡುತ್ತಾ.

ಅವನು ಅಲುಗಲಿಲ್ಲ. ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದ ತಮ್ಮ ನಿಧಾನವಾಗಿ ಇಳಿದು ಬಂದ. ಅಣ್ಣನನ್ನು ಸುತ್ತು ಹಾಕಿಕೊಂಡು ಹೋಗಿ ಸೀಟು ಹತ್ತಿದ. ಎರಡು ಸಲ ಕೀಲಿ ತಪ್ಪಿತು. ಆಮೇಲೆ ಟ್ರಾಕ್ಟರನ್ನು ಹಿಂದಕ್ಕೆ ತೆಗೆದು ಅಂಗಳದೊಳಗೆ ನಿಲ್ಲಿಸಿದ.

"ಏನ್ಲಾ ನೀನೂವಾ?" ಎಂದ ಅಣ್ಣ.

ಜೇಸೀಬಿಯ ಹಲ್ಲು ಚಪ್ಪಡಿಗೆ ಇಳಿದಾಗ ನಮ್ಮ ಮನೆಯ ಪಾತ್ರೆಗಳೂ ಅದುರಿದವು. ಕಾಂಕ್ರೀಟು ಬಿರಿದು ಕಬ್ಬಿಣದ ಸರಳುಗಳು ಮೇಲೆದ್ದವು. ಕೆಳಗಿನ ಕತ್ತಲಿನಿಂದ ಹೆಗ್ಗಣಗಳು ಹೊರಬಿದ್ದು ಜನರ ಕಾಲುಗಳ ಮಧ್ಯೆ ಓಡಿದವು, ಒಂದನ್ನು ಯಾರೋ ಅಲ್ಲೇ ತುಳಿದು ಕೊಂದರು. ನಾತಕ್ಕೆ ಎಲ್ಲರೂ ಸೆರಗು ಮೂಗಿಗೆ ಒತ್ತಿಕೊಂಡರು. ಅಜ್ಜಿ ಮಾತ್ರ ಬಗ್ಗಿ, ಬಾವಿಯೊಳಗೆ ಇಣುಕುವ ಹಾಗೆ ಇಣುಕಿತು.

ಆ ವಾರವೇ ಅಂಗಳದ ನಡುವೆ ಗೋಡೆ ಎದ್ದಿತು, ಒಲೆ ಬೇರೆಯಾಯಿತು. ಅತ್ತೆ ಅಣ್ಣನ ಕಡೆ ಉಳಿದರು. ಎರಡೂ ಕಡೆಯಿಂದ ಕೇಸುಗಳಾಗಿವೆ. ಮೆಂಬರಮ್ಮ ಒಂದಕ್ಕೆ ಫಿರ್ಯಾದಿ, ಇನ್ನೊಂದಕ್ಕೆ ಅಜ್ಜಿಯ ಜೊತೆ ಆರೋಪಿ. ಕೋರ್ಟಿನ ದಿನ ಇಬ್ಬರೂ ಒಂದೇ ಆಟೋದಲ್ಲಿ ಹೋಗುತ್ತಾರೆ. ಅವಳ ಕೈ ಕೂಡಿದೆ, ಆದರೆ ಪೂರ್ತಿ ನೀಳ ಆಗುವುದಿಲ್ಲ. ಗಂಡ ಅವಳನ್ನು ಹೊಡೆಯುವುದು ನಿಂತಿದೆಯೇ ಎಂದು ನಾನು ಕೇಳಿಲ್ಲ. ಗೋಡೆಯಾಚೆ ಸದ್ದಿಲ್ಲ. ಅಪ್ಡೇಟು ಈಗ ತಿಂಗಳಿಗೊಮ್ಮೆ ಅವಳ ದನಿಯಲ್ಲೇ ಬರುತ್ತದೆ. ನನಗೆ ಬರೆಯುವ ಕೆಲಸವಿಲ್ಲ.

ಚರಂಡಿ ಮುಗಿದ ಮೇಲೆ ಮೊದಲ ದೊಡ್ಡ ಮಳೆ ಒಂದು ಮಧ್ಯಾಹ್ನ ಬಂತು. ಹೊಡೆಯುವ ಹಾಗೆ ಬಂತು, ತೆಂಗಿನ ಗರಿ ಮುರಿದು ತಂತಿಯ ಮೇಲೆ ಬಿತ್ತು. ನಾನು ಕಿಟಕಿಯಲ್ಲಿ ನಿಂತಿದ್ದೆ. ಮೆಂಬರಮ್ಮ ಕೊಡೆಯಿಲ್ಲದೆ ಬೀದಿಗಿಳಿದು ಚರಂಡಿಯ ಪಕ್ಕವೇ ನಡೆದು ಹೋಗುತ್ತಿದ್ದಳು, ಬಗ್ಗಿ ಬಗ್ಗಿ ನೀರಿನ ಸದ್ದು ಕೇಳುತ್ತಾ. ಭಾವನ ಮನೆ ಮುಂದೆ ನಿಂತಳು. ಅಲ್ಲಿನ ಜಾಲರಿಗೆ ಗೊಬ್ಬರದ ಖಾಲಿ ಚೀಲವೊಂದು ಅಡ್ಡ ಸಿಕ್ಕಿ ಕೊಳಚೆ ಮೇಲಕ್ಕೆ ಉಬ್ಬುತ್ತಿತ್ತು. ಇನ್ನೇನು ರಸ್ತೆಗೆ ಹೊರಳಬೇಕು. ಅವನು ಜಗಲಿಯ ಮೇಲೆ ಕೂತಿದ್ದ, ಹುಬ್ಬಿನ ಮೇಲೆ ಹೊಲಿಗೆಯ ಗೆರೆ.

"ಬಾವ, ನಿಮ್ ಚೀಲ ಸಿಕ್ಕಾಕ್ಕಂಡದೆ. ತಗೀರಿ."

ಅವನು ಕೂತೇ ಇದ್ದ. ಅವಳೂ ನಿಂತೇ ಇದ್ದಳು, ಮಳೆ ಅವಳ ತಲೆಯ ಮೇಲೆ ಸುರಿಯುತ್ತಿತ್ತು. ಬಗ್ಗಿ ಅವಳೇ ತೆಗೆಯಬಹುದಿತ್ತು, ಎಡಗೈ ಚೆನ್ನಾಗಿಯೇ ಇತ್ತು. ತೆಗೆಯಲಿಲ್ಲ. ಎದುರು ಮನೆಗಳ ಬಾಗಿಲುಗಳು ಒಂದೊಂದೇ ತೆರೆದುಕೊಂಡವು.

ಕೊನೆಗೆ ಅವನು ಎದ್ದ. ಮೆಟ್ಟಿಲಿಳಿದು ಬಂದು, ಬಗ್ಗದೆ, ಆ ಚೀಲಕ್ಕೆ ಜಾಡಿಸಿ ಒದ್ದ. ಜಾಲರಿ ಗಡಗಡ ಅಂದಿತು. ಮತ್ತೆ ಒದ್ದ, ಮತ್ತೆ ಮತ್ತೆ ಒದ್ದ, ಅವಳ ಮುಖ ನೋಡುತ್ತಲೇ. ಜಾಲರಿಯೇ ಕಿತ್ತು ವಾಲಿತು, ಚೀಲ ಒಳಗೆ ಹೋಯಿತು, ಅದರ ಹಿಂದೆ ಅವನ ಕಾಲಿನ ಮೆಟ್ಟೂ ಹೋಯಿತು. ತಡೆದಿದ್ದ ನೀರು ಗುಡುಗಿಕೊಂಡು ಇಳಿಯಿತು. ಅವನು ಒಂಟಿಕಾಲಿನಲ್ಲಿ ನಿಂತು ಅದನ್ನು ನೋಡುತ್ತಿದ್ದ. ಯಾರೂ ನಗಲಿಲ್ಲ, ಮೆಂಬರಮ್ಮನೂ.

ಸ್ವಲ್ಪ ಹೊತ್ತಿಗೆ ಬೀದಿಯ ಕೆಳತುದಿಯಿಂದ, ತೆರೆದ ಚರಂಡಿಯ ಬಾಯಿಯ ಹತ್ತಿರದಿಂದ, ಅಜ್ಜಿಯ ದನಿ ಮಳೆಯ ಸದ್ದನ್ನು ಸೀಳಿಕೊಂಡು ಮೇಲೆ ಬಂತು.

"ಯಾರ್ದ್ರಪ್ಪೋ ಈ ಮೆಟ್ಟು? ಬಂದು ತಗಂಡೋಗಿ!"